ಮನ್ಮಥಪ್ಪನ ಮನೆಗೆ ಒಪ್ಪುವ ನಾಯಿ

ಇಂಥ ಕಥೆಯ ಮುಂದೆ ಒಂದು ಗಾದೆಯನ್ನು ತೋರಣದಂತೆ ಕಟ್ಟುವುದು ರೂಢಿ. ನನ್ನ ಬಾಯಲ್ಲಿ ಗಾದೆಗಳು ನೆಟ್ಟಗೆ ನಿಲ್ಲುವುದಿಲ್ಲ. ನಾಯಿಯ ಗಾದೆ ಹೇಳಹೊರಟರೆ ಬಾಲ ಮೊದಲು ಬರುತ್ತದೆ, ಮೂತಿ ಕೊನೆಗೆ. ಆದ್ದರಿಂದ ತೋರಣ ಬಿಟ್ಟು ಬಾಗಿಲನ್ನೇ ತೆರೆಯುತ್ತೇನೆ. ನಡೆದದ್ದನ್ನಷ್ಟೇ ಹೇಳುತ್ತೇನೆ. ಇದರಲ್ಲಿ ಎಲ್ಲಾದರೂ ಸುಳ್ಳು ಕಂಡರೆ ಅದು ಮನುಷ್ಯರದು. ನಾಯಿಗಳ ಕಡೆಯಿಂದ ಎಲ್ಲವೂ ಖರೆ.

ಬೀದರಿಗೆ ಇನ್ನೂ ರೈಲು ಬಂದಿರಲಿಲ್ಲ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿ, ಒಬ್ಬ ವಕೀಲರ ಕೈಕೆಳಗೆ ಕೂತಿದ್ದೆ. ಅವರಿಂದ ಕಾನೂನು ಕಲಿತದ್ದು ಸ್ವಲ್ಪ. ಅವರ ಕೆಮ್ಮು, ಅದಾಲತಿನಲ್ಲಿ 'ಹುಜೂರ್' ಎನ್ನುವಾಗ ಅವರು ಎಳೆಯುವ ರಾಗ, ಅವರ ಟಾಂಗಾದ ಗಾಲಿಯ ಕಿರುಗುಟ್ಟುವಿಕೆ, ಇವುಗಳನ್ನು ಪೂರ್ತಿ ಕಲಿತಿದ್ದೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ನನ್ನ ಗಂಟಲಿಗೆ ಬಾಡಿಗೆಗೆ ಬಂದುಬಿಡುತ್ತಿತ್ತು. ಒಮ್ಮೆ ವಕೀಲರ ಕೋಣೆಯ ಹೊರಗೆ ನಿಂತು ಅವರದೇ ದನಿಯಲ್ಲಿ ಚಹಾ ತರಿಸಿಕೊಂಡು ಕುಡಿದಿದ್ದೆ. ಅವರು ತಾವೇ ಹೇಳಿ ಮರೆತಿರಬೇಕೆಂದು ಸುಮ್ಮನಾದರು.

ಮನ್ಮಥಪ್ಪ ನನ್ನ ಸಾಲೆಯ ಗೆಳೆಯ. ಭಾಲ್ಕಿಯಲ್ಲಿ ಅವನ ಅರಿವೆಯ ಅಂಗಡಿ ಇತ್ತು. ಅರಿವೆ ಬೇಕಾದಷ್ಟಿದೆ, ಅರಿವಿನ ದಾಸ್ತಾನು ಮಾತ್ರ ಕಡಿಮೆ ಎಂದು ನಾನು ಅವನ ಎದುರಿಗೇ ಹೇಳುತ್ತಿದ್ದೆ. ನಿನ್ನ ಬಿ.ಎ.ದಲ್ಲಿ ಇರುವುದು ಎರಡೇ ಅಕ್ಷರ, ನನ್ನ ಗಜದಲ್ಲಿ ಹದಿನಾರು ಗಿರಾ ಇವೆ, ಬೇಕಾದರೆ ಅಳೆದುಕೋ ಎಂದು ಅವನು ತಿರುಗಿ ಹೇಳುತ್ತಿದ್ದ. ದೇಹ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಮನಸ್ಸೂ ದೊಡ್ಡದೇ, ಆದರೆ ಅದರ ತುಂಬ ದೊಡ್ಡಸ್ತಿಕೆಯ ಆಸೆ. ಒಂದು ಛತ್ರಿ ಕೊಂಡರೂ ತಹಶೀಲದಾರರ ಛತ್ರಿಯಂಥದೇ ಆಗಬೇಕು.

ವಾರದಲ್ಲಿ ಅರ್ಧ ದಿನಗಳು ಅವನು ಊರಲ್ಲಿರುತ್ತಿರಲಿಲ್ಲ. ಬಂಡಿಯ ತುಂಬ ಅರಿವೆಯ ತಾನುಗಳನ್ನು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿ ವಿಮಲಾಬಾಯಿ ಮತ್ತು ತಾಯಿ ರುಕ್ಮಿಣಿಬಾಯಿ ಇಬ್ಬರೇ. ರುಕ್ಮಿಣಿಬಾಯಿಯವರಿಗೆ ಕಿವಿ ಮಂದ. ಮನೆ ಊರಂಚಿನಲ್ಲಿತ್ತು, ಹಿತ್ತಿಲ ಗೋಡೆಯ ಆಚೆಗೆ ಜೋಳದ ಹೊಲ. ಒಂದು ಮಧ್ಯಾಹ್ನ ಮುದುಕಿ ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಾ ಕೂತಿರುವಾಗ, ಅವರ ಬೆನ್ನ ಹಿಂದೆಯೇ ಯಾರೋ ಗೋಡೆ ಜಿಗಿದು ಬಂದು, ಬಚ್ಚಲ ತಾಮ್ರದ ಹಂಡೆಯ ನೀರು ಚೆಲ್ಲಿ ಹಂಡೆಯನ್ನು ಹೊತ್ತುಕೊಂಡು ಹೋದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ವಿಮಲಾಬಾಯಿಗೆ ತನ್ನ ಬಡಿತದಲ್ಲಿ ಏನೂ ಕೇಳಲಿಲ್ಲ. ಹೊರಗೆ ಬಂದಾಗ ಗೋಡೆಯವರೆಗೆ ಹಸಿ ಹೆಜ್ಜೆಗಳು, ಅತ್ತೆ ಇನ್ನೂ ಬೇಳೆಯಲ್ಲಿ ಹರಳು ಹುಡುಕುತ್ತಿದ್ದಾರೆ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಗಂಡ ಬಂದ ಮೇಲೆ ಅವನ ಮುಂದಿನ ಬಂಡಿಯಲ್ಲೇ ಔರಾದದ ತವರಿಗೆ ಹೋದಳು. ಅಪ್ಪ ಹಾವಗೆಪ್ಪನ ಕೈಲಿ ಒಂದೇ ಮಾತು ಹೇಳಿ ಕಳಿಸಿದಳು: ಆ ಮನೆಗೆ ಮೊದಲು ನಾಯಿ ಬರಲಿ, ಆಮೇಲೆ ನಾನು ಬರುತ್ತೇನೆ.

ಮನ್ಮಥಪ್ಪ ಬೀದರಿಗೆ ನನ್ನಲ್ಲಿಗೆ ಬಂದಾಗ ಅವನ ಮುಖ ಬಣ್ಣ ಬಿಟ್ಟ ಸೀರೆಯಂತಾಗಿತ್ತು. ಈ ವಯಸ್ಸಿನಲ್ಲಿ ಅವ್ವ ಒಲೆಯ ಮುಂದೆ ಕೂರುತ್ತಿದ್ದಾಳೆ, ತಾನು ಸಂತೆಗೆ ಹೋದರೆ ಮನೆಗೆ ಬೀಗ ಹಾಕಿ ಅವಳನ್ನು ಪಕ್ಕದ ಮನೆಯಲ್ಲಿ ಬಿಡಬೇಕಾಗಿದೆ ಎಂದ. ಎಳ್ಳಮಾವಾಸ್ಯೆ ಹತ್ತಿರ ಬರುತ್ತಿತ್ತು. ಹೊಲಕ್ಕೆ ಬಜ್ಜಿ-ರೊಟ್ಟಿಯ ಬುತ್ತಿ ಕಟ್ಟುವವರು ಯಾರು ಎಂದು ಕೇಳಿದ. ಬುತ್ತಿ ಒಂದು ನೆಪ. ಅವನಿಗೆ ಹೆಂಡತಿ ಮನೆಯಲ್ಲಿ ಬೇಕಾಗಿತ್ತು.

"ನೀ ಓದಿದಾಂವ ಇದ್ದಿ. ಯಾವ ಜಾತಿ ನಾಯಿ ತರ್ಲಿ, ಹೇಳು" ಎಂದ.

ಕಾಲೇಜಿನ ಲೈಬ್ರರಿಯಲ್ಲಿ ನಾಯಿಗಳ ಮೇಲೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ನಾನು ಅದರ ಚಿತ್ರಗಳನ್ನು ನೋಡಿದ್ದೆ. ಅಷ್ಟರ ಬಲದ ಮೇಲೆ ನಾನು ನಾಯಿಗಳಿಗೂ ವಕೀಲನಾದೆ: ಬೆಳಗ್ಗೆ ನ್ಯಾಯ, ಸಂಜೆ ನಾಯಿ. ಆದರೂ ಹೇಳಿದ್ದು ತಪ್ಪೇನಲ್ಲ. ನಾಯಿಯನ್ನು ನೋಡುವ ಮೊದಲು ಮನೆಯನ್ನು ನೋಡಿಕೋ ಎಂದೆ. ನಿನ್ನ ಮನೆಯಲ್ಲಿ ಮೂಳೆ ಬೇಯುವುದಿಲ್ಲ, ಆದ್ದರಿಂದ ರೊಟ್ಟಿ-ಮಜ್ಜಿಗೆ ತಿನ್ನುವ ನಾಯಿ ಬೇಕು. ನೀನು ಊರಲ್ಲಿರುವುದಿಲ್ಲ, ಆದ್ದರಿಂದ ಹೆಂಗಸರ ಮಾತು ಕೇಳುವ ನಾಯಿ ಬೇಕು. ಅವ್ವ ಲಿಂಗಪೂಜೆಗೆ ಕೂರುವಾಗ ನಡುವೆ ನುಗ್ಗಬಾರದು. ಗಿರಾಕಿಯನ್ನು ಕಚ್ಚಬಾರದು, ಕಳ್ಳನನ್ನು ಬಿಡಬಾರದು. ಮನ್ಮಥಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿ, ಕೊನೆಗೆ "ಮತ್ತ ನೋಡ್ಲಿಕ್ಕೂ ಛಂದ ಇರಬೇಕು" ಎಂದು ತನ್ನದೊಂದು ಸೇರಿಸಿದ.

ಅವನು ನನ್ನ ಬಳಿ ಬರುವ ಮೊದಲೇ ಚಿಂತಾಕಿಯ ಕುರುಬನೊಬ್ಬನ ನಾಯಿಯನ್ನು ನೋಡಿ ಮನಸೋತಿದ್ದ. ಕೊರಳಿಗೆ ಮೊಳೆ ಹೊಡೆದ ಪಟ್ಟಿ, ತೋಳದ ಜೊತೆ ಕಾದಾಡಿ ಹರಿದ ಕಿವಿ, ಕರುವಿನಷ್ಟು ಎತ್ತರ. ನಿನ್ನ ಹತ್ತಿರ ಎಷ್ಟು ಕುರಿ ಇವೆ ಎಂದು ಕೇಳಿದೆ. ಒಂದೂ ಇಲ್ಲ ಎಂದ. ಹಾಗಾದರೆ ಅದು ನಿನ್ನ ಗಿರಾಕಿಗಳನ್ನೇ ಕುರಿ ಎಂದುಕೊಳ್ಳುತ್ತದೆ ಎಂದೆ. ಓಣಿಯಲ್ಲಿ ಹೋಗುವವರನ್ನೆಲ್ಲ ಅಂಗಡಿಯೊಳಗೆ ಅಟ್ಟಿಕೊಂಡು ಬರುವುದು ವ್ಯಾಪಾರಕ್ಕೆ ಒಳ್ಳೆಯದೇ, ಆಮೇಲೆ ಹೊರಗೂ ಬಿಡಬೇಕಲ್ಲ. ದಿನಕ್ಕೆ ಹರದಾರಿಗಟ್ಟಲೆ ನಡೆಯುವ ಪ್ರಾಣಿಯನ್ನು ಹಿತ್ತಿಲ ಗೂಟಕ್ಕೆ ಕಟ್ಟಿದರೆ ಅದು ಗೂಟವನ್ನು ತಿನ್ನುತ್ತದೆ, ಇಲ್ಲವೇ ನಿಮ್ಮನ್ನು.

ಮರುದಿನ ಬೀದರಿನಲ್ಲೇ ಒಬ್ಬ ಅಧಿಕಾರಿಯ ಮನೆಯಲ್ಲಿ ವಿಲಾಯತಿ ನಾಯಿ ನೋಡಲು ಹೋದೆವು. ಮರಿಗಳಿದ್ದವು. ಬೆಕ್ಕಿನಷ್ಟು ಗಾತ್ರ, ಮೈತುಂಬ ರೇಶಿಮೆಯಂಥ ಕೂದಲು, ಕಣ್ಣು ಎಲ್ಲಿವೆ ಎಂದು ಕೂದಲು ಸರಿಸಿ ಹುಡುಕಬೇಕು. ಅವಕ್ಕೆ ಬಾಚಣಿಕೆ ಹಾಕಲೆಂದೇ ಒಬ್ಬ ಆಳು. ಬೇಸಿಗೆಯಲ್ಲಿ ಒದ್ದೆ ಲಾವಂಚದ ಪರದೆಯ ಹಿಂದೆ ಮಲಗಿಸುತ್ತಾರಂತೆ. ಮುಂಜಾನೆ ಒಂದು ತತ್ತಿ, ಮಧ್ಯಾಹ್ನ ಖೀಮಾ ಎಂದು ಆಳು ಹೇಳಿದಾಗ ಮನ್ಮಥಪ್ಪನ ಕೈ ತಾನಾಗಿ ಕೊರಳ ಲಿಂಗದ ಕರಡಿಗೆಗೆ ಹೋಯಿತು. ಹೊರಗೆ ಬಂದ ಮೇಲೆ, ಇದು ಕಳ್ಳನನ್ನು ಹಿಡಿಯುವುದಕ್ಕಿಂತ ಕಳ್ಳ ಇದನ್ನು ಜೇಬಿನಲ್ಲಿ ಹಾಕಿಕೊಳ್ಳುವುದು ಸುಲಭ ಎಂದು ಅವನೇ ಹೇಳಿದ.

ಭಾಲ್ಕಿಗೆ ಹೋಗಿ ಈ ಹುಡುಕಾಟದ ವರದಿ ಕೊಟ್ಟಾಗ ರುಕ್ಮಿಣಿಬಾಯಿ, ಎರಡು ಸಲ ಕೂಗಿ ಹೇಳಿಸಿಕೊಂಡು, ನಮ್ಮಿಬ್ಬರನ್ನೂ ನೋಡಿ ಒಂದು ಮಾತು ಅಂದರು:

"ಮಂದಿ ಜಾತಿ ಕೇಳಬಾರದು ಅಂತ ಮಠದಾಗ ಕುಂತು ತಲಿ ಆಡಸ್ತೀರಿ. ನಾಯಿ ಜಾತಿ ಕೇಳ್ಲಿಕ್ಕ ಊರೂರು ತಿರಗ್ತೀರಿ."

ಅಷ್ಟರಲ್ಲಿ ನಮ್ಮ ವಕೀಲರ ಕಕ್ಷಿದಾರರೊಬ್ಬರಿಂದ ಸುದ್ದಿ ಬಂತು. ಬೀದರಿನ ಹಳೆಯ ಓಣಿಯಲ್ಲಿ ಮುನವ್ವರ ಬೇಗಂ ಎಂಬ ಹಿರಿಯ ವಿಧವೆ ಹೈದರಾಬಾದಿಗೆ, ಮಗನ ಮನೆಗೆ ಹೊರಟಿದ್ದಾರೆ. ಅವರ ಗಂಡ ದೊಡ್ಡ ಶಿಕಾರಿ ಹುಚ್ಚಿನ ಮನುಷ್ಯ. ಅವರು ಸಾಕಿದ ಶಿಕಾರಿ ನಾಯಿಗಳಲ್ಲಿ ಕೊನೆಯದೊಂದು ಉಳಿದಿದೆ. ಒಳ್ಳೆಯ ಮನೆ ಸಿಕ್ಕರೆ ಸುಮ್ಮನೆ ಕೊಡುತ್ತಾರೆ.

ನಾವು ಹೋದೆವು. ಹೊರಗಿನ ಅಂಗಳದಲ್ಲಿ ಬೇವಿನ ಮರ, ಮರದ ಕೆಳಗೆ ಆ ನಾಯಿ. ನಮಾಜು ನಡೆಯುವ ಮನೆಯೊಳಗೆ ಅದಕ್ಕೆ ಪ್ರವೇಶವಿಲ್ಲ, ಅಂಗಳವೇ ಅದರ ರಾಜ್ಯ. ಉದ್ದ ಮೂತಿ, ಉದ್ದ ಕಾಲು, ಸಪೂರ ನಡು, ತುಪ್ಪದ ಬಣ್ಣ. ಹೆಸರು ತೂಫಾನ. ನಾವು ಕೂತಷ್ಟು ಹೊತ್ತೂ ಈ ಬಿರುಗಾಳಿ ನಿದ್ದೆ ಮಾಡುತ್ತಿತ್ತು. ಮನ್ಮಥಪ್ಪ ಅದನ್ನು ನೋಡಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಹುಡುಕಾಟ ಮುಗಿಯಿತು ಎಂದು. ಅವನು ಆಗಲೇ ತನ್ನ ಅಂಗಡಿಯ ಮುಂದೆ ಅದನ್ನು ಮಲಗಿಸಿ ತಹಶೀಲದಾರರು ಹಾದುಹೋಗುವುದನ್ನು ನೋಡುತ್ತಿದ್ದ.

ಬಿದಿರಿನ ಪರದೆಯ ಹಿಂದಿನಿಂದ ಬೇಗಂ ಮಾತಾಡಿದರು. ತೆಳುವಾದ, ಬೆಲ್ಲದ ಪಾಕದಂತೆ ಎಳೆ ಬಿಡುವ ದನಿ. ನನ್ನ ಗಂಟಲು ಅದನ್ನು ಆಗಲೇ ಒಳಗೆ ಕರೆದು ಕೂರಿಸಿತು. ಅಂಗಳದಲ್ಲಿ ಅವರ ಆಳು ಗುಲಾಮ ರಸೂಲ ನಿಂತಿದ್ದ. ಪರದೆಯ ಹಿಂದಿನಿಂದ ಯಾವ ಮಾತು ಬಂದರೂ, ಅದು ತನಗಿರಲಿ ಬೇರೆಯವರಿಗಿರಲಿ, ಅವನು ಮುಂದಕ್ಕೆ ಬಾಗಿ ಹಣೆಗೆ ಕೈಮುಟ್ಟಿಸಿ ಸಲಾಮು ಮಾಡುತ್ತಿದ್ದ. ಅದನ್ನು ನೋಡಿ ಮನ್ಮಥಪ್ಪನೂ ಅದೇ ಅಭ್ಯಾಸಕ್ಕೆ ಬಿದ್ದ.

ಬೇಗಂ ನಮ್ಮನ್ನು ಕೇಳಿದ ಪ್ರಶ್ನೆಗಳು ವರನ ಮನೆಯವರನ್ನು ಕೇಳುವಂಥವು. ಮನೆಯಲ್ಲಿ ಯಾರಿದ್ದೀರಿ, ನೆರಳಿದೆಯೇ, ಮಕ್ಕಳು ಬಾಲ ಎಳೆಯುತ್ತಾರೆಯೇ. ಮನ್ಮಥಪ್ಪ ಅಂಜುತ್ತಂಜುತ್ತಲೇ ತನ್ನ ಮನೆಯ ಊಟದ ವಿಷಯ ಹೇಳಿದ. ಅದಕ್ಕೆ ಅವರು, ತೂಫಾನನ ಹಲ್ಲು ಸವೆದು ವರ್ಷವಾಯಿತು, ಈಗ ಹಾಲಿನಲ್ಲಿ ನೆನೆಸಿದ ರೊಟ್ಟಿಯೇ ಅವನ ಊಟ ಎಂದರು. ವಿನಾಕಾರಣ ಬೊಗಳುವ ಚಟವೂ ಇಲ್ಲವಂತೆ. ಶಿಕಾರಿಯಲ್ಲಿ ಸದ್ದು ಮಾಡಬಾರದೆಂದು ಯಜಮಾನರು ಚಿಕ್ಕಂದಿನಿಂದಲೇ ಕಲಿಸಿದ್ದರಂತೆ. ಮನ್ಮಥಪ್ಪ ನನ್ನ ಕಿವಿಯಲ್ಲಿ, "ಶಿವರಾಜ, ಇದು ನಾಯಿ ಅಲ್ಲೋ, ಶರಣ" ಎಂದ.

ಕೊನೆಗೆ ಬೇಗಂ, "ತೂಫಾನ, ಉಠೋ ಬೇಟಾ" ಎಂದರು. ಗುಲಾಮ ರಸೂಲ ಅರೆಗಣ್ಣು ತೆರೆದಿದ್ದ ನಾಯಿಯ ಮುಂದೆಯೇ ಬಾಗಿ ಸಲಾಮು ಮಾಡಿದ. ನಾಯಿ ನಿಧಾನವಾಗಿ ಎದ್ದು, ಮೈಮುರಿದು, ನಿಂತಿತು. ಕೂರಲು ಹೇಳುವ ಅಗತ್ಯ ಬೀಳಲಿಲ್ಲ. ಅದು ತಾನೇ ಮತ್ತೆ ಮಲಗಿತು. ಪರದೆಯ ಹಿಂದೆ ಮೂಗೆಳೆಯುವ ಸದ್ದು ಕೇಳಿದ ಮೇಲೆ ನಾವು ಹೆಚ್ಚು ಹೊತ್ತು ಕೂರಲಿಲ್ಲ.

ತೂಫಾನನನ್ನು ಭಾಲ್ಕಿಗೆ ಒಯ್ದ ವಾರದೊಳಗೆ ಮನ್ಮಥಪ್ಪ ಹೇಳಿಕಳಿಸಿದ: ನಾಯಿ ಏಳುತ್ತಿಲ್ಲ. ಶುಕ್ರವಾರ ಅದಾಲತಿಗೆ ರಜೆ, ಹೋದೆ. ತೂಫಾನ ಪಡಸಾಲೆಯ ಹೊಸ್ತಿಲಿಗೆ ಅಡ್ಡವಾಗಿ ಮಲಗಿತ್ತು. ರುಕ್ಮಿಣಿಬಾಯಿ ಪತ್ರೆಯ ಬುಟ್ಟಿ ಹಿಡಿದು ಅದನ್ನು ದಾಟಲಾರದೆ ನಿಂತಿದ್ದರು. ಏಳೋ ಎಂದರೆ ಏಳುವುದಿಲ್ಲ, ಊಟದ ತಾಟು ಕಂಡರೆ ಮಾತ್ರ ಏಳುತ್ತದೆ, ತಿಂದು ಅಲ್ಲೇ ಬೀಳುತ್ತದೆ ಎಂದು ಮನ್ಮಥಪ್ಪ ದೂರಿದ. ಕನ್ನಡದಲ್ಲಿ ಕರೆದಿದ್ದಾನೆ, ಮರಾಠಿಯಲ್ಲಿ ಕರೆದಿದ್ದಾನೆ, ತನಗೆ ಬರುವ ಕಚೇರಿಯ ಉರ್ದುವಿನಲ್ಲಿ ಅರ್ಜಿಯನ್ನೇ ಓದಿದ್ದಾನೆ.

ನಾನು ಅಂಗಳದಲ್ಲಿ ನಿಂತು, ಗಂಟಲಲ್ಲಿ ಕೂತಿದ್ದ ಬೇಗಂ ಸಾಹೇಬರನ್ನು ಹೊರಗೆ ಕರೆದೆ: "ತೂಫಾನ, ಉಠೋ ಬೇಟಾ."

ಆ ದನಿ ಕೇಳಿದ್ದೇ ಮನ್ಮಥಪ್ಪ ಬೆಚ್ಚಿ, ಬಾಗಿ, ಹಣೆಗೆ ಕೈಮುಟ್ಟಿಸಿದ. ಅವನ ಮುಂದೆ ಮಲಗಿದ್ದ ನಾಯಿ ಎದ್ದು ನಿಂತಿತು. ರುಕ್ಮಿಣಿಬಾಯಿ ಬುಟ್ಟಿ ಹಿಡಿದು ಒಳಗೆ ಹೋದರು.

ನನ್ನ ಎದೆ ಉಬ್ಬಿತು. ವಕೀಲರ ಚಹಾಕ್ಕಿಂತ ಇದು ದೊಡ್ಡ ಗೆಲುವು. ಮನ್ಮಥಪ್ಪ ನನ್ನನ್ನು ನೋಡಿದ ಕಣ್ಣಲ್ಲಿ ಭಕ್ತಿ ತುಂಬಿತ್ತು. ಅಂಥ ಭಕ್ತಿ ಕಂಡರೆ ನನ್ನೊಳಗಿನ ಕಿಡಿಗೇಡಿ ಸುಮ್ಮನಿರುವುದಿಲ್ಲ. ಇದು ಖಾನದಾನಿ ನಾಯಿ, ಇದಕ್ಕೆ ಭಾಷೆಯಷ್ಟೇ ಸಾಲದು, ಅದಬು-ಮರ್ಯಾದೆ ಬೇಕು ಎಂದೆ. ಮೊದಲು ದನಿ ಬೇಗಮರ ದನಿಯಷ್ಟು ತೆಳುವಾಗಬೇಕು. ಎರಡನೆಯದು, ತಲೆಯ ಮೇಲೆ ಉಪರಣೆ ಹೊದ್ದು ಮುಖ ಅರ್ಧ ಮುಚ್ಚಿಕೊಳ್ಳಬೇಕು. ಬರಿತಲೆಯ ಗಂಡಸು ಹೆಣ್ಣುದನಿಯಲ್ಲಿ ಮಾತಾಡಿದರೆ ಅದಕ್ಕೆ ಗೊಂದಲವಾಗುತ್ತದೆ. ಮೂರನೆಯದು, ಈಗ ಮಾಡಿದೆಯಲ್ಲ, ಆ ಸಲಾಮು. ಅದನ್ನು ಮರೆತರೆ ನಾಯಿಗೆ ಅವಮಾನ, ಮತ್ತೆ ವಾರಗಟ್ಟಲೆ ಮುನಿಸಿಕೊಳ್ಳುತ್ತದೆ.

ಮೂರರಲ್ಲಿ ಕೆಲಸ ಮಾಡುವುದು ದನಿಯೊಂದೇ ಎಂದು ನಾನು ನಂಬಿದ್ದೆ. ಉಪರಣೆ, ಸಲಾಮು ಎರಡೂ ನನ್ನ ಖುಷಿಗೆ.

ಮನ್ಮಥಪ್ಪ ಪಾಠ ಶುರು ಮಾಡಿದ. ಗೋಣಿಯಂಥ ದನಿಯನ್ನು ದಾರದಂತೆ ನೂಲುವುದು ಸುಲಭವಲ್ಲ. ಒಂದು ದಿನ ಅಂಗಡಿಯಲ್ಲಿ, ಹಿಂದಿನ ಅಭ್ಯಾಸ ಇನ್ನೂ ಗಂಟಲಲ್ಲಿದ್ದಾಗಲೇ, ಖಣ ಕೇಳಿದ ರೈತನೊಬ್ಬನಿಗೆ ಅದೇ ದನಿಯಲ್ಲಿ ಉತ್ತರ ಕೊಟ್ಟ. ಆತ ಗಾಬರಿಯಿಂದ ಖಣ ಬಿಟ್ಟು ಹೋದ. ಮಗ ತಲೆಯ ಮೇಲೆ ಅರಿವೆ ಹೊದ್ದು ನಾಯಿಗೆ ನಮಸ್ಕರಿಸುವುದನ್ನು ನೋಡಿ ರುಕ್ಮಿಣಿಬಾಯಿ, ಸೊಸೆ ಬೇಗ ಬರದಿದ್ದರೆ ಇವನು ಪೂರ್ತಿ ಹೋದ ಎಂದು ನೆರೆಯವರ ಬಳಿ ಕಣ್ಣೀರು ಹಾಕಿದರು. ಆದರೆ ನಾಯಿ ಪ್ರತಿ ಸಲವೂ ಏಳುತ್ತಿತ್ತು. ನಾನು ಶುಕ್ರವಾರಕ್ಕೊಮ್ಮೆ ಹೋಗಿ, ನಾಯಿಯ ಮುಂದೆ ಕೂತು, ಆ 'ಬೇಟಾ' ಇನ್ನೂ ಸ್ವಲ್ಪ ಮೂಗಿನಿಂದ ಬರಲಿ ಎಂದು ತಿದ್ದುತ್ತಿದ್ದೆ. ಗುರುವಾದ ನಾನೂ ಹೆಮ್ಮೆಯಿಂದಲೇ ಬೀಗುತ್ತಿದ್ದೆ.

ಎಳ್ಳಮಾವಾಸ್ಯೆಗೆ ನಾಲ್ಕೈದು ದಿನ ಇರುವಾಗ ನಾವು ಔರಾದಕ್ಕೆ ಹೊರಟೆವು. ತೂಫಾನ ಬಂಡಿಯಲ್ಲಿ ಧೋತರದ ತಾನುಗಳ ಮೇಲೆ ನವಾಬನಂತೆ ಒರಗಿತ್ತು. ಎಕಂಬಾ ದಾಟುವಾಗ ಊರ ನಾಯಿಗಳೆಲ್ಲ ಬಂಡಿಯ ಹಿಂದೆ ಬಿದ್ದು ಬೊಗಳಿದವು, ನಮ್ಮದು ಕಣ್ಣು ಬಿಡಲಿಲ್ಲ. "ನೋಡು, ಎಂಥಾ ಗಂಭೀರ" ಎಂದು ಮನ್ಮಥಪ್ಪ ಹೇಳಿದ. ನಾನೂ ಒಪ್ಪಿದೆ. ದಾರಿಯುದ್ದಕ್ಕೂ ಅವನು ಒಳಗೊಳಗೇ ಅಭ್ಯಾಸ ಮಾಡುತ್ತಿದ್ದ. ಬಂಡಿ ಹೊಡೆಯುವ ಮಾಣಿಕ ಆಗಾಗ ಹಿಂತಿರುಗಿ, ಬಂಡಿಯಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ.

ಹಾವಗೆಪ್ಪನ ಮನೆಯ ಮುಂದೆ ಬಂಡಿ ನಿಂತಾಗ ಮೊದಲು ಬಂದವಳು ಚಿಮಣಿ. ಅದು ಆ ಮನೆಯ ಹೆಣ್ಣುನಾಯಿ. ಯಾವ ಜಾತಿ ಎಂದು ಯಾವ ಪುಸ್ತಕವೂ ಹೇಳಲಾರದು. ಮೊಳದಷ್ಟು ಮೈ, ಅದರ ತುಂಬ ಗಂಟಲು. ಎಲೆ ಉದುರಿದರೆ ಬೊಗಳುವುದು, ಹಪ್ಪಳ ಮುರಿದರೆ ಬೊಗಳುವುದು, ಯಾರೂ ಇಲ್ಲದಿದ್ದರೆ ಅದಕ್ಕೂ ಬೊಗಳುವುದು. ಅದು ತೂಫಾನನ ಸುತ್ತ ಗಿರಕಿ ಹೊಡೆಯುತ್ತಾ ಓಣಿಗೆಲ್ಲ ಸುದ್ದಿ ಮುಟ್ಟಿಸಿತು. ಕಟ್ಟೆಯ ಮೇಲೆ ಜನ ಕೂಡಿದರು. ತೂಫಾನನನ್ನು ಅಂಗಳಕ್ಕೆ ಇಳಿಸಿದೆವು, ಅದು ಬಿಸಿಲು ನೋಡಿ ಮಲಗಿತು.

"ಭಾರಿ ನಾಯಿ ತಂದೀರಿ, ಅಳಿಯಂದ್ರ" ಎಂದ ಹಾವಗೆಪ್ಪ. "ಮಾತು ಕೇಳ್ತದೇನ್ರಿ?"

ಮನ್ಮಥಪ್ಪ ಇದಕ್ಕೇ ಕಾದಿದ್ದ. ಬಾಗಿಲಲ್ಲಿ ವಿಮಲಾಬಾಯಿ ಬಂದು ನಿಂತದ್ದನ್ನು ಕಣ್ಣಂಚಿನಲ್ಲಿ ನೋಡಿಕೊಂಡು, ಉಪರಣೆಯನ್ನು ತಲೆಯ ಮೇಲೆ ಎಳೆದು, ಅರ್ಧ ಮುಖ ಮುಚ್ಚಿ, ಆ ಎತ್ತರದ ಮೈಯನ್ನು ನಾಚಿಕೆಯಿಂದ ಒಂದಿಷ್ಟು ಬಾಗಿಸಿ, ದಾರದಂಥ ದನಿ ತೆಗೆದು, "ತೂಫಾನ, ಉಠೋ ಬೇಟಾ" ಎಂದು ಸಲಾಮು ಮಾಡಿದ. ನಾಯಿ ಎದ್ದಿತು.

ಕಟ್ಟೆಯ ಮೇಲಿದ್ದ ಒಬ್ಬ ಮುದುಕ, ನಾಯಿಗಿಂತ ಅಳಿಯನನ್ನು ಛಲೋ ಪಳಗಿಸಿದ್ದಾರೆ ಎಂದ. ಅಲ್ಲಿಂದ ನಗೆ ಕಟ್ಟೆ ಒಡೆಯಿತು. ನಾನು ಕಂಬದ ಹಿಂದೆ ಸರಿದು ಹೊಟ್ಟೆ ಹಿಡಿದುಕೊಂಡೆ. ಇಷ್ಟು ದಿನದ ಶ್ರಮಕ್ಕೆ ಫಲ ಸಿಕ್ಕಿತ್ತು. ಮನ್ಮಥಪ್ಪ ಮಾತ್ರ ನಗುತ್ತಿರಲಿಲ್ಲ. ಅವನು ಬಾಗಿಲನ್ನೇ ನೋಡುತ್ತಿದ್ದ.

ವಿಮಲಾಬಾಯಿಯೂ ನಗಲಿಲ್ಲ. ಮೆಟ್ಟಿಲಿಳಿದು ಬಂದು ಗಂಡನ ಮುಂದೆ ನಿಂತಳು.

"ನೀವು ಸಂತಿಗಿ ಹೋದ ಮ್ಯಾಲ ಇದಕ್ಕ ಏಳಂತ ಹೇಳೋರು ಯಾರ್ರಿ? ಕಳ್ಳ ಗ್ವಾಡಿ ಮ್ಯಾಲ ಕುಂತಾಗ ನಾ ಸೆರಗು ಹೊಚ್ಚಿಕೊಂಡು ಉರ್ದು ಮಾತಾಡ್ಲ್ಯಾ?"

ಅವಳ ಕಣ್ಣು ಅಷ್ಟರಲ್ಲಿ ನಾಯಿಯ ಮೇಲೆ ಹೋಗಿತ್ತು. ತೂಫಾನ ಮತ್ತೆ ಮಲಗಿತ್ತು. ಚಿಮಣಿ ಅದರ ಬೆನ್ನ ಹಿಂದೆ, ಕಿವಿಗೆ ಗೇಣು ದೂರದಲ್ಲಿ ನಿಂತು ಪ್ರಾಣ ಹೋಗುವಂತೆ ಬೊಗಳುತ್ತಿತ್ತು. ಆ ಕಿವಿ ಅಲುಗಲಿಲ್ಲ. ಚಿಮಣಿ ಸುತ್ತು ಹಾಕಿ ಮುಂದೆ ಬಂದಾಗ, ತೂಫಾನ ಆಗಷ್ಟೇ ಕಂಡಂತೆ ಬಾಲ ಅಲ್ಲಾಡಿಸಿತು.

ವಿಮಲಾಬಾಯಿ ಒಳಗೆ ಹೋಗಿ ಹಿಟ್ಟು ನಾದುವ ಹಿತ್ತಾಳೆಯ ಪರಾತ ತಂದಳು. ನಾಯಿಯ ಹಿಂದೆ ನಿಂತು, ಮೊದಲೇ ಏನೂ ಹೇಳದೆ, ಅದನ್ನು ಹಾಸುಗಲ್ಲಿನ ಮೇಲೆ ಕೈಬಿಟ್ಟಳು. ಕಟ್ಟೆಯ ಮೇಲಿನ ಮುದುಕ ಎದ್ದು ನಿಂತ. ಎತ್ತುಗಳು ನೊಗ ಕಿತ್ತುಕೊಂಡವು. ನನ್ನ ಟೋಪಿ ಬಿತ್ತು. ಪರಾತ ಗಿರಗಿರ ತಿರುಗಿ ಸದ್ದು ಮುಗಿಸುವವರೆಗೂ ತೂಫಾನ ಮಲಗಿಯೇ ಇತ್ತು.

"ಇದಕ್ಕ ಕಿವಿ ಕೇಳ್ಸಂಗಿಲ್ಲರಿ" ಎಂದಳು. "ನಾ ಅತ್ತಿಯವರ ಕೂಡ ಬಾಳೇವಿ ಮಾಡೀನಿ, ನನಗ ಗೊತ್ತಾಗ್ತದ. ಮಾತಾಡಿದ್ರ ಕಿವಿ ಕೊಡಂಗಿಲ್ಲ, ಕೈ ನೋಡ್ತದ."

ಅವಳು ಮುಂದೆ ಬಂದು, ಬಾಯಿ ಬಿಡದೆ, ಕೈಯೊಂದನ್ನು ಹಣೆಗೆ ಮುಟ್ಟಿಸಿದಳು. ತೂಫಾನ ಎದ್ದು ನಿಂತಿತು.

ನನಗೆ ಆಗ ಬೇಗಮರ ಅಂಗಳ ಕಣ್ಣಿಗೆ ಕಟ್ಟಿತು. ಶಿಕಾರಿಯಲ್ಲಿ ಸದ್ದಾಗಬಾರದೆಂದು ಯಜಮಾನರು ಕೈಸನ್ನೆ ಕಲಿಸಿದ್ದರು. ಆಮೇಲೆ ಪರದೆಯ ಹಿಂದಿನಿಂದ ಮಾತು ಬಂದಾಗಲೆಲ್ಲ ಗುಲಾಮ ರಸೂಲನ ಸಲ್ಯೂಟಿನಂಥ ಸಲಾಮು ಅದೇ ಸನ್ನೆಯಾಯಿತು. ನಾಯಿ ಯಾವಾಗ ಕಿವುಡಾಯಿತೋ ಬೇಗಮರಿಗೂ ತಿಳಿಯಲಿಲ್ಲ, ಪಾಪ. ಆದರೂ ನನ್ನ ಗಂಟಲು ಸೋಲೊಪ್ಪಲಿಲ್ಲ. ಕಂಬದ ಹಿಂದಿನಿಂದ ಬಂದು, ಕೈ ಎರಡನ್ನೂ ಬೆನ್ನಿಗೆ ಕಟ್ಟಿ, ಮಲಗಲು ಹೊರಟ ನಾಯಿಯ ಹಿಂದೆ ನಿಂತು, ನನ್ನ ಜೀವಮಾನದ ಅತಿ ಉತ್ತಮ ಮುನವ್ವರ ಬೇಗಮರನ್ನು ಹೊರಡಿಸಿದೆ. ಬೇಗಂ ಸ್ವತಃ ಕೇಳಿದ್ದರೆ ತಾವೇ ಮಾತಾಡಿದೆವೆಂದು ನಂಬುತ್ತಿದ್ದರು. ತೂಫಾನ ಒಮ್ಮೆ ಆಕಳಿಸಿ ಮೂತಿಯನ್ನು ಕಾಲಮೇಲಿಟ್ಟಿತು.

ಮನ್ಮಥಪ್ಪ ಉಪರಣೆಯನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡ. ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ಯಾರನ್ನೂ ನೋಡದೆ ಹೇಳಿದ: "ಆಯ್ತು. ಇದು ಅಂಗಡಿ ಮುಂದ ಬಿದ್ದಿರ್ಲಿ. ನಿನಗ ಒಪ್ಪುವಂಥಾದ್ದು ಸಿಗೋ ತನಕ ಮತ್ತ ಹುಡುಕ್ತೇನಿ. ಈ ಹಬ್ಬಕ್ಕ ಆಗ್ಲಿಲ್ಲಂದ್ರ ಮುಂದಿನ ಹಬ್ಬಕ್ಕ."

ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಬಳೆ ಮಾರುವವನೊಬ್ಬ ಪೆಟ್ಟಿಗೆ ಹೊತ್ತು ಬಂದ. ಚಿಮಣಿ ಅವನ ಕಡೆಗೆ ಬೊಗಳುತ್ತಾ ತೂಫಾನನ ಮೂತಿಯ ಮುಂದಿನಿಂದಲೇ ಓಡಿತು. ಅದು ಓಡುವುದನ್ನು ಕಂಡು ತೂಫಾನನಿಗೆ ಹಳೆಯ ಶಿಕಾರಿ ನೆನಪಾಯಿತೋ ಏನೋ, ಹಗ್ಗ ಕಿತ್ತುಕೊಂಡು ಎದ್ದು, ಎರಡೇ ಜಿಗಿತಕ್ಕೆ ಚಿಮಣಿಯ ಪಕ್ಕ ಹೋಗಿ ಸದ್ದಿಲ್ಲದೆ ನಿಂತಿತು. ಬಳೆಗಾರ ಕೆಳಗಿನಿಂದ ಬರುವ ಸದ್ದನ್ನು ಕೇಳಿ, ಮೇಲಿದ್ದ ಮೂತಿಯನ್ನು ನೋಡಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದ ದಾರಿಯಲ್ಲೇ ಹಿಂದೆ ಹಿಂದೆ ನಡೆದ.

ವಿಮಲಾಬಾಯಿ ಅದನ್ನು ಪೂರ್ತಿ ನೋಡಿದಳು. ಬಳೆಗಾರನನ್ನು ಕೂಗಿ ಕರೆದು ಕಟ್ಟೆಯ ಮೇಲೆ ಕೂರಿಸಿ ನೀರು ಕೊಡಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಯಪ್ಪಾ, ಚಿಮಣಿನ್ನ ನಾ ಒಯ್ತೇನಿ. ಒಂದಕ್ಕ ಬಾಯಿ ಅದ, ಒಂದಕ್ಕ ಮೈ ಅದ. ನಮ್ಮ ಮನಿಗಿ ಎರಡೂ ಕೂಡಿ ಒಂದು ನಾಯಿ ಆಗ್ತದ."

"ಒಯ್ಯವ್ವಾ" ಎಂದ ಹಾವಗೆಪ್ಪ, ಒಂದು ಕ್ಷಣವೂ ತಡಮಾಡದೆ. "ಈ ಮನ್ಯಾಗ ನಾವೂ ಒಂದಿಷ್ಟು ನಿದ್ದಿ ಮಾಡ್ತೇವಿ."

ಅವಳು ಸೀರೆಗಳನ್ನು ಗಂಟು ಕಟ್ಟಲು ಒಳಗೆ ಹೋದಳು. ಮನ್ಮಥಪ್ಪ ಅವಳು ಹೋದ ಬಾಗಿಲನ್ನು ನೋಡುತ್ತಾ ನಿಂತ. ಅವನ ಮುಖಕ್ಕೆ ಬಣ್ಣ ತಿರುಗಿ ಬರುವುದು ಕಾಣುತ್ತಿತ್ತು. ಆಮೇಲೆ ಏನೋ ಲೆಕ್ಕ ಹಾಕುತ್ತಾ ನಿಧಾನವಾಗಿ ನನ್ನ ಕಡೆ ತಿರುಗಿದ.

"ಶಿವರಾಜ, ಹಂಗಾದ್ರ ಈ ಉಪರಣಿ?"

ನಾನು ಬಿದ್ದ ಟೋಪಿಯ ಧೂಳು ಕೊಡವುತ್ತಿದ್ದೆ. "ಅದು ಚ್ಯಾಷ್ಟಿ, ನಗಲಿಕ್ಕ ಹೇಳಿದ್ದು" ಎಂದೆ.

"ಸಲಾಮು?"

"ಅದೂ ಚ್ಯಾಷ್ಟಿನೇ ಇತ್ತು."

"ಮತ್ತ ದನಿ?"

"ದನಿ ಖರೇ ಅಂತ ನಾನೂ ತಿಳದಿದ್ದೆ."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಅಂದ್ರ ಚ್ಯಾಷ್ಟಿಗಿ ಹೇಳಿದ್ದು ಖರೇ ಆಯ್ತು. ಖರೇ ಅಂತ ಹೇಳಿದ್ದು..." ಅವನ ಹೊಟ್ಟೆ ಅಲುಗತೊಡಗಿತು. "ಪ್ರತಿ ಶುಕ್ರವಾರ ಬೀದರದಿಂದ ಬಂಡಿ ಕಟ್ಟಿಕೊಂಡು ಬಂದು, ಕಿವುಡ ನಾಯಿ ಮುಂದ ಕುಂತು, ಬೇಟಾ ಅನ್ನೋದು ಮೂಗಿಲೇ ಬರಬೇಕು ಅಂತ..."

ಮುಂದಿನ ಮಾತು ಬರಲಿಲ್ಲ. ಅವನು ಗೋಡೆಗೆ ಕೈಯೂರಿ ನಗತೊಡಗಿದ. ಕಟ್ಟೆಯವರು ಸೇರಿಕೊಂಡರು, ಮಾಣಿಕ ಸೇರಿಕೊಂಡ, ಒಳಗಿನಿಂದ ವಿಮಲಾಬಾಯಿಯ ನಗೆಯೂ ಕೇಳಿಸಿತು, ನನಗೂ ತಡೆಯಲಾಗಲಿಲ್ಲ. ಆದರೆ ಎಲ್ಲರ ನಗೆಯ ಮೇಲೆ ಅವನದೇ ಕೇಳುತ್ತಿತ್ತು, ತಿಂಗಳಿಡೀ ದಾರವಾಗಿ ನೂತಿದ್ದ ದನಿ ಮತ್ತೆ ಗೋಣಿಯಾಗಿ ಓಣಿಯ ತುಂಬ ಬಿಚ್ಚಿಕೊಂಡಿತ್ತು. ಆ ಸದ್ದಿಗೆ ಚಿಮಣಿ ಬೊಗಳಿತು, ಚಿಮಣಿಗೆ ಓಣಿಯ ನಾಯಿಗಳು ಬೊಗಳಿದವು, ಅವಕ್ಕೆ ಆಚೆ ಓಣಿಯವು. ತೂಫಾನ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು.